ಮಧ್ಯಾಹ್ನದ ಪಾಳಿಯ ನಲವತ್ತೆರಡು ಮಕ್ಕಳು

ನಮ್ಮ ಯಜಮಾನರಿಗೆ ಕಚೇರಿಯಲ್ಲಿ ತಪ್ಪಿಲ್ಲಪ್ಪ ಎಂದು ಅಡ್ಡಹೆಸರು. ಇಟ್ಟವರು ಗೇಲಿಗೆ ಇಟ್ಟರು, ಇವರು ಅದನ್ನು ಬಿರುದು ಎಂದುಕೊಂಡರು. ಶಿಕ್ಷಣ ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಇವರು ಮಾಡಿದ್ದು ಒಂದೇ ಕೆಲಸ. ವರ್ಷಕ್ಕೊಮ್ಮೆ ಎಣಿಕೆಯ ತಿಂಗಳು ಬಂದಾಗ ಒಂದೊಂದು ಸರ್ಕಾರಿ ಶಾಲೆಗೂ ಮುಂಚೆ ತಿಳಿಸದೆ ಹೋಗುವುದು, ಬೆಂಚಿನ ಮೇಲೆ ಕೂತ ಮಕ್ಕಳ ತಲೆ ಎಣಿಸುವುದು, ನಮೂನೆಯಲ್ಲಿ ಬರೆದು ಮೊಹರು ಒತ್ತುವುದು. ಆ ಶಾಲೆಗೆ ಎಷ್ಟು ಅನುದಾನ, ಎಷ್ಟು ಜನ ಶಿಕ್ಷಕರು, ಎಷ್ಟು ಬೆಂಚು ಎನ್ನುವುದೆಲ್ಲ ಆ ಒಂದು ದಿನದ ಸಂಖ್ಯೆಯ ಮೇಲೆ ತೀರ್ಮಾನವಾಗುತ್ತಿತ್ತು. ಬರೆದದ್ದನ್ನು ತಿದ್ದಿದ ಒಂದೇ ಒಂದು ನಮೂನೆ ಇವರ ಕೈಯಿಂದ ಹೊರಗೆ ಹೋಗಿರಲಿಲ್ಲ.

ಮನೆಯಲ್ಲೂ ಅದೇ ಬುದ್ಧಿ. ಮದುವೆಯಾದ ಹೊಸತರಲ್ಲಿ ನಾನು ಒಣಹಾಕಿದ ಬಟ್ಟೆಯ ಕ್ಲಿಪ್ಪುಗಳನ್ನೂ ಎಣಿಸುತ್ತಿದ್ದರು. "ರೀ, ನನ್ನ ತಲೇಲಿ ಕೂದಲೆಷ್ಟಿದೆ, ಅದನ್ನೂ ಬರ್ಕೊಳ್ಳಿ" ಎಂದು ರೇಗಿದರೆ, "ಅದು ದಿನಾ ಉದುರುತ್ತೆ ಕಣೇ, ಲೆಕ್ಕ ನಿಲ್ಲಲ್ಲ" ಎನ್ನುತ್ತಿದ್ದರು. ಹಾಗೆ ನಗಿಸುವ ಮನುಷ್ಯ. ನಮ್ಮ ಮಗಳಿಗೆ ಆರು ವರ್ಷವಾದಾಗ ಆ ನಗು ನಿಂತುಹೋಯಿತು. ಯಾಕೆ ಎಂದು ನನಗೆ ಇಪ್ಪತ್ತೆರಡು ವರ್ಷ ಗೊತ್ತಾಗಲಿಲ್ಲ.

ಕಚೇರಿ ಮನೆಗೆ ಹತ್ತಿರ, ಊಟಕ್ಕೆ ಬರುತ್ತಿದ್ದರು. ಆ ವರ್ಷದಿಂದ ಗಡಿಯಾರದಲ್ಲಿ ಒಂದು ಗಂಟೆ ಆಗುತ್ತಿದ್ದ ಹಾಗೆ ಇವರ ಕೈಯ ತುತ್ತು ತಟ್ಟೆಗೆ ಇಳಿಯುತ್ತಿತ್ತು. ಬೀದಿಬಾಗಿಲ ಕಡೆ ನೋಡುತ್ತ ಕೂರುವರು. ತುಟಿ ಮಾತ್ರ ಅಲುಗಾಡುವುದು.

"ಯಾರಾದ್ರೂ ಬರೋರಿದ್ದಾರಾ?" ಎಂದು ಕೇಳಿದೆ.

"ಯಾರೂ ಇಲ್ಲ. ನೀನು ಬಡಿಸು."

ಬಡಿಸಿದ್ದು ಹಾಗೇ ಆರುತ್ತಿತ್ತು. ಭಾನುವಾರವೂ ಅಷ್ಟೇ. ಮಗಳ ಮದುವೆಯ ದಿನ ಒಂದು ಗಂಟೆಗೆ ಮನೆ ತುಂಬ ಜನ, ಇವರು ಮಾತ್ರ ಹಿತ್ತಲ ಗೋಡೆಗೆ ಒರಗಿ ನಿಂತು ಬೆರಳು ಮಡಿಸುತ್ತಿದ್ದರು. ಡಾಕ್ಟರು ಒಂದು ಟಾನಿಕ್ ಕೊಟ್ಟರು. ನಮ್ಮ ಅತ್ತಿಗೆ, "ಏನೋ ಗಾಳಿ ಸೋಕಿದೆ" ಅಂದಳು. ನಾನು ಅವಳನ್ನು ಚೆನ್ನಾಗಿ ಬೈದೆ. ಬೈದೆನೇನೋ ನಿಜ, ಆದರೆ ಕೆಲವು ವರ್ಷವಾದ ಮೇಲೆ ಒಂದು ಗಂಟೆಗೆ ನನ್ನ ಕೈಯೂ ನಿಲ್ಲತೊಡಗಿತು. ಖಾಲಿ ಬೀದಿಯಲ್ಲಿ ಪುಟ್ಟ ಪುಟ್ಟ ಹೆಜ್ಜೆಗಳ ಸದ್ದು. ತುಂಬಾ ಹೆಜ್ಜೆಗಳು. ನಮ್ಮ ಬಾಗಿಲ ತನಕ ಬಂದು ನಿಲ್ಲುತ್ತಿದ್ದವು, ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ನನಗೆ ಭಯವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಇವರು ನಿವೃತ್ತರಾಗಿ ನಾಲ್ಕು ವರ್ಷಕ್ಕೆ ಇಲಾಖೆಯಿಂದ ಒಂದು ಕಾಗದ ಬಂತು. ಶಾಲೆಗಳಿಗೆ ಅನುದಾನ ಹಂಚುವ ಕ್ರಮ ಬದಲಿಸಬೇಕೆಂದು ಸರ್ಕಾರ ಒಂದು ಆಯೋಗ ಮಾಡಿತ್ತು. ಒಂದು ದಿನ ತಲೆ ಎಣಿಸುವುದು ಬೇಡ, ವರ್ಷದುದ್ದಕ್ಕೂ ಬಂದ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯೋಣ, ಕೋಣೆ ಬೆಂಚು ಇಲ್ಲದ ಶಾಲೆಗೆ ಹೆಚ್ಚು ಕೊಡೋಣ ಎಂಬ ಮಾತು. ಇಲಾಖೆಯ ದೊಡ್ಡವರಿಗೆ ಅದು ಬೇಕಿರಲಿಲ್ಲ. ಹಳೆಯ ಕ್ರಮದಲ್ಲಿ ಒಂದೂ ತಪ್ಪಾಗಿಲ್ಲ ಎಂದು ಸಾಕ್ಷಿ ಹೇಳಲು ಇವರನ್ನು ಕರೆದಿದ್ದರು. ತಪ್ಪಿಲ್ಲಪ್ಪನಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು!

ನಾನು ಹಿಗ್ಗಿದೆ. ಇಸ್ತ್ರಿ ಮಾಡಿಸಲು ಕೋಟು ತೆಗೆದೆ. ಇವರು ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡು ಕುರ್ಚಿಯ ಮೇಲೆ ಹಾಕಿದರು.

"ಕೂತ್ಕೋ. ಒಂದು ಮಾತು ಹೇಳ್ಬೇಕು" ಅಂದರು.

ನೂಲಿನ ಗಿರಣಿಯ ಹಿಂದೆ ಒಂದು ಶಾಲೆ ಇತ್ತಂತೆ. ಒಂದೇ ಕೋಣೆ, ಹತ್ತು ಬೆಂಚು. ಮಕ್ಕಳು ಆ ಬೆಂಚುಗಳಲ್ಲಿ ಹಿಡಿಸುವುದರ ಎರಡರಷ್ಟು. ಅದಕ್ಕೇ ಅಲ್ಲಿಯ ಟೀಚರಮ್ಮ ಆ ವರ್ಷ ಗಿರಣಿಯ ಹಾಗೆ ಶಾಲೆಯನ್ನೂ ಎರಡು ಪಾಳಿ ಮಾಡಿದ್ದರು. ಅರ್ಧ ಮಕ್ಕಳು ಬೆಳಿಗ್ಗೆ. ತಾಯಂದಿರು ಬೆಳಗಿನ ಪಾಳಿಗೆ ಹೋದಾಗ ಮನೆಯ ಕೂಸುಗಳನ್ನು ನೋಡಿಕೊಳ್ಳುವ ಮಕ್ಕಳು ಮಧ್ಯಾಹ್ನ. ಇವರು ಹೋದದ್ದು ಬೆಳಿಗ್ಗೆ ಹತ್ತಕ್ಕೆ. ಬೆಂಚಿನ ಮೇಲೆ ನಲವತ್ತೊಂದು ತಲೆ.

"ಸಾರ್, ಇನ್ನರ್ಧ ಮಕ್ಕಳು ಒಂದು ಗಂಟೆಗೆ ಬರ್ತಾರೆ. ಅಲ್ಲೀ ತನಕ ಕೂತಿರಿ, ಇಲ್ಲಾ ಮತ್ತೆ ಬನ್ನಿ" ಎಂದು ಟೀಚರಮ್ಮ ಕೇಳಿಕೊಂಡರಂತೆ.

"ಒಂದು ಶಾಲೆಗೆ ಒಂದೇ ಭೇಟಿ, ಅಮ್ಮ. ನಾನು ಕಂಡದ್ದನ್ನೇ ಬರೆಯೋನು."

ಇವರಿಗೆ ಅನುಮಾನ. ಅದರ ಹಿಂದಿನ ವಾರ ಗುಡ್ಡದ ರಸ್ತೆಯ ದೊಡ್ಡ ಶಾಲೆಯಲ್ಲಿ ಒಂದು ಕೋಣೆಯಲ್ಲಿ ಎಣಿಸಿದ ಹುಡುಗರೇ ಅಂಗಿ ಬದಲಿಸಿ ಇನ್ನೊಂದು ಕೋಣೆಯಲ್ಲಿ ಕೂತಿದ್ದರು. ಮೊಹರಿಗೆ ಮುಂಚೆ ಇವರು ಹಿಡಿದುಹಾಕಿದರು. ಉಳ್ಳವರು ಮಾಡಿದ ಮೋಸಕ್ಕೆ ಇಲ್ಲದವರ ಮೇಲೆ ಗುಮಾನಿ! ನಮ್ಮ ಮಗಳು ಓದಿದ್ದು ಆ ದೊಡ್ಡ ಶಾಲೆಯಲ್ಲೇ. ಕೋಣೆಗೆ ಎರಡೆರಡು ಫ್ಯಾನು ಇದ್ದವು.

ನಲವತ್ತೊಂದು ಎಂದು ಬರೆದು ಮೊಹರು ಒತ್ತಿ ಬಂದವರು ಮೊಹರನ್ನು ಅಲ್ಲೇ ಮೇಜಿನ ಮೇಲೆ ಮರೆತರು. ಮೊಹರು ಕಳೆದರೆ ಕೆಲಸವೇ ಹೋಗುತ್ತದೆ. ಓಡಿಕೊಂಡು ವಾಪಸು ಹೋದಾಗ ಒಂದು ಗಂಟೆ.

"ಮಕ್ಕಳು ಸಾಲಾಗಿ ಒಳಗೆ ಬರ್ತಿದ್ರು ಕಣೇ. ಬೇರೆ ಮಕ್ಕಳು. ಬೆಳಗಿನ ಒಂದು ಮುಖಾನೂ ಇರ್ಲಿಲ್ಲ. ನಾನು ಬಾಗಿಲಲ್ಲೇ ನಿಂತು ಎಣಿಸಿದೆ. ಎಣಿಸದೆ ಇರೋಕೆ ನಂಗೆ ಬರಲ್ವಲ್ಲ. ನಲವತ್ತೆರಡು. ಟೀಚರಮ್ಮ ನನ್ನ ನೋಡಿ ನಕ್ಕರು, ತಿದ್ದೋಕೆ ಬಂದೆ ಅಂದ್ಕೊಂಡು. ನಾನು ಮೊಹರು ತಗೊಂಡು ಬಂದ್ಬಿಟ್ಟೆ."

"ಯಾಕ್ರೀ ತಿದ್ದಲಿಲ್ಲ?"

"ತಿದ್ದಿದ್ರೆ ಮೇಲಿನವರಿಗೆ ವಿವರಣೆ ಬರ್ಕೊಡ್ಬೇಕಿತ್ತು. ಅದೇ ವರ್ಷ ಬಡ್ತಿ ಪಟ್ಟೀಲಿ ನನ್ನ ಹೆಸರಿತ್ತು."

ಇಬ್ಬರು ಶಿಕ್ಷಕರಿದ್ದ ಶಾಲೆಯಿಂದ ಒಬ್ಬರನ್ನು ತೆಗೆದರು. ಮಧ್ಯಾಹ್ನದ ಪಾಳಿ ಮುಚ್ಚಿತು. ಮರುವರ್ಷ ಸಂಖ್ಯೆ ಇನ್ನೂ ಇಳಿಯಿತು, ಅನುದಾನವೂ ಇಳಿಯಿತು. ಮೂರನೆಯ ವರ್ಷ ಬಾಗಿಲಿಗೆ ಬೀಗ. ಆ ಬೀಗ ನೋಡಿ ಸೊನ್ನೆ ಎಂದು ಬರೆದು ಮೊಹರು ಒತ್ತಿದವರೂ ಇವರೇ.

ನನಗೆ ಮೈಯೆಲ್ಲ ಉರಿಯಿತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಪ್ರಮಾಣಿಸಿ ನೋಡಿದ ಮೇಲೂ ಕಣ್ಣು ಮುಚ್ಕೊಂಡ್ರಲ್ರೀ!" ಎಂದೆ. ನನ್ನ ಯೋಗ್ಯತೆ ಅಷ್ಟಕ್ಕೇ ನಿಲ್ಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ, "ಹೋಗ್ಲಿ, ಈಗ ಸುಮ್ನೆ ಹೂಂ ಅಂದು ಬಂದ್ಬಿಡಿ. ಪಿಂಚಣಿ ನಿಲ್ಸಿದ್ರೆ ಈ ವಯಸ್ಸಲ್ಲಿ ಮಣ್ಣು ತಿನ್ನೋಣವಾ?" ಎಂದೂ ಅಂದೆ. ಇವರು ಕೋಟು ತೆಗೆದುಕೊಂಡು ತಾವೇ ಇಸ್ತ್ರಿ ಅಂಗಡಿಗೆ ಹೋದರು.

ವಿಚಾರಣೆ ನಡೆದದ್ದು ಒಂದು ಉದ್ದನೆಯ ಸಭಾಂಗಣದಲ್ಲಿ. ಎದುರಿಗೆ ಆಯೋಗದ ಅಧ್ಯಕ್ಷೆ, ಹಿಂದೆ ಮಡಚುವ ಕುರ್ಚಿಗಳಲ್ಲಿ ಊರಿನ ಜನ. ಇಲಾಖೆಯ ಅಧಿಕಾರಿ ಇವರ ಹೆಗಲ ಮೇಲೆ ಕೈಯಿಟ್ಟು, "ಇಪ್ಪತ್ತೇಳು ವರ್ಷ, ಮೇಡಂ. ಒಂದು ತಿದ್ದುಪಡಿ ಇಲ್ಲ. ಬೇಕಾದ್ರೆ ಇವರನ್ನೇ ಕೇಳಿ" ಎಂದು ಬೀಗಿದ. ಹೂಂ ಅನ್ನಲಿ ದೇವರೇ ಎಂದು ನನ್ನ ಅರ್ಧ ಮನಸ್ಸು ಬೇಡುತ್ತಿತ್ತು. ಇನ್ನರ್ಧಕ್ಕೆ ಆ ಹೆಜ್ಜೆಗಳ ಸದ್ದು ಕೇಳಿಸುತ್ತಿತ್ತು.

ಇವರು ಎದ್ದು ನಿಂತರು. "ತಿದ್ದುಪಡಿ ಇಲ್ಲ ಅನ್ನೋದು ನಿಜ, ಮೇಡಂ. ತಪ್ಪಿಲ್ಲ ಅನ್ನೋದು ಸುಳ್ಳು" ಅಂದರು. ಗಿರಣಿಯ ಹಿಂದಿನ ಶಾಲೆ, ಮೊಹರು, ಒಂದು ಗಂಟೆ, ಎಲ್ಲವನ್ನೂ ಹೇಳಿದರು. "ಕೋಣೆ ಇಲ್ಲ ಅಂತ ಆ ಮಕ್ಕಳು ಪಾಳೀಲಿ ಬರ್ತಿದ್ರು. ಪಾಳೀಲಿ ಬರ್ತಾರೆ ಅಂತ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಲೆಕ್ಕಕ್ಕೆ ಸಿಗಲಿಲ್ಲ ಅಂತ ಅವರಿಗೆ ಕೋಣೆ ಕೊಡಲಿಲ್ಲ. ನಲವತ್ತೆರಡು ಮಕ್ಕಳು. ಅವರನ್ನ ಕಣ್ಣಾರೆ ಕಂಡು ಬಿಟ್ಟುಬಂದವನು ನಾನು." ಅಧಿಕಾರಿಯ ಕೈ ಇವರ ಹೆಗಲಿಂದ ಯಾವಾಗ ಇಳಿಯಿತೋ ನಾನು ನೋಡಲಿಲ್ಲ.

ಆಗ ಹಿಂದಿನ ಸಾಲಿನಿಂದ ಮೂವತ್ತು ದಾಟಿದ ಹೆಂಗಸೊಬ್ಬಳು ಎದ್ದಳು. ಗಿರಣಿಯ ಕೆಲಸದವಳು, ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿತ್ತು.

"ನಲವತ್ತೆರಡಲ್ಲ, ಸಾರ್. ನಲವತ್ತಮೂರು."

ಇವರು ತಿರುಗಿದರು. ಅಷ್ಟು ಬಿಳಚಿದ ಮುಖ ನಾನು ಯಾವತ್ತೂ ನೋಡಿಲ್ಲ.

"ನನ್ನ ಸೊಂಟದ ಮೇಲೆ ನಮ್ಮ ತಂಗಿ ಇದ್ಲು. ಅವತ್ತು ಅಮ್ಮ ಬರೋದು ತಡ ಆಯ್ತು, ಕೂಸನ್ನ ಎತ್ಕೊಂಡೇ ಬಂದಿದ್ದೆ. ಸಾಹೇಬರು ಬಂದಿದ್ದಾರೆ, ಬೈತಾರೆ ಅಂತ ಬಾಗಿಲ ಹಿಂದೆ ನಿಂತ್ಕೊಂಡೆ, ನಿಮ್ಮ ಎಣಿಕೆಗೆ ನಾನು ಸಿಗ್ಲಿಲ್ಲ. ನೀವು ಬೆರಳು ಮಡಿಸೋದನ್ನ ಸಂದಿಯಿಂದ ನೋಡ್ತಿದ್ದೆ. ನಮ್ಮನ್ನ ಬರ್ಕೊಂಡ್ರು ಅಂತ ಮನೇಲಿ ಹೇಳ್ದೆ. ಆಮೇಲೆ ಶಾಲೆ ಇರ್ಲಿಲ್ಲ" ಎಂದು ಕೂತಳು.

ಇವರು ಕಾಗದ ಕೇಳಿದರು. ಗುಮಾಸ್ತ ಬರೆದುಕೊಂಡಿದ್ದ ತಮ್ಮ ಹೇಳಿಕೆಯಲ್ಲಿ ನಲವತ್ತೆರಡನ್ನು ಹೊಡೆದುಹಾಕಿ ಪಕ್ಕದಲ್ಲಿ ನಲವತ್ತಮೂರು ಎಂದು ಬರೆದು ಸಹಿ ಮಾಡಿದರು. ಇವರು ಬರೆಯುವಾಗ ನಾನು ಎದ್ದು ಹೋಗಿ ಕಾಗದವನ್ನು ಒತ್ತಿ ಹಿಡಿದೆ. ಹೊರಗೆ ಮೆಟ್ಟಿಲಿನಲ್ಲಿ ಅವಳು ಸಿಕ್ಕಳು. ಇವರು ಕೈ ಮುಗಿದರು. "ಬರೆದ್ರಲ್ಲ, ಆಯ್ತು ಬಿಡಿ. ಈಗ ನಂಗೆ ಪಾಳಿಗೆ ಹೊತ್ತಾಯ್ತು" ಎಂದು ಇಳಿದುಹೋದಳು. ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ, ಕೇಳುವ ಮುಖ ನಮಗೂ ಇರಲಿಲ್ಲ.

ಪಿಂಚಣಿಯನ್ನು ಐದು ತಿಂಗಳು ತಡೆದರು, ಆಮೇಲೆ ಬಿಟ್ಟರು. ಮರುವರ್ಷ ಹೊಸ ನಿಯಮ ಬಂತು. ಗಿರಣಿಯ ಹಿಂದೆ ಮೂರು ಕೋಣೆ ಕಟ್ಟುತ್ತಿದ್ದಾರೆ ಎಂದು ಕೇಳಿದೆ. ಇನ್ನಾದರೂ ಇವರು ನೆಮ್ಮದಿಯಾಗಿ ಊಟ ಮಾಡಿಯಾರು ಎಂದುಕೊಂಡೆ.

ನಿನ್ನೆ ಒಂದು ಗಂಟೆಗೆ ಮತ್ತೆ ತುತ್ತು ತಟ್ಟೆಗೆ ಇಳಿಯಿತು. ನಾನೂ ಸೌಟು ಕೆಳಗಿಟ್ಟೆ. ಹೆಜ್ಜೆಗಳು ಬಂದವು, ನಿಂತವು. ಇವರು ಬೆರಳು ಮಡಿಸಿ ಮುಗಿಸಿದರು, ಆದರೂ ಕಣ್ಣು ಬಾಗಿಲಿಂದ ಕೀಳಲಿಲ್ಲ. ನಾನು ಎದ್ದು ಹೋಗಿ ಬೀದಿಬಾಗಿಲು ತೆರೆದೆ.

"ಪೂರ್ತಿ ತೆಗಿ ಕಣೇ" ಅಂದರು. "ಬಾಗಿಲ ಹಿಂದೆ ಒಬ್ಬಳಿದ್ದಾಳೆ."