ಚೀಟಿ ಓದಿದ ಕಾವಲುಗಾರ

ಗೆಳೆಯರೇ, ಪಕ್ಕದ ತೆಲುಗು ರಾಜ್ಯದ ಕೂಕಟ್‌ಪಲ್ಲಿಯಲ್ಲಿ ಐಟಿ ಕಂಪನಿಯ ಕಟ್ಟಡಕ್ಕೆ ಇಟ್ಟಿಗೆ ಹೊರುವ ಯಾದಗಿರಿಯ ಸಾಬಮ್ಮನ ರೇಷನ್ ಕಾರ್ಡ್ ಅರ್ಜಿ ಇಂದು ಮೂರನೇ ಸಲ ವಾಪಸ್ಸಾಯಿತು. ಚೀಟಿಯಲ್ಲಿದ್ದ ಕಾರಣ: “ವಾಂಟ್ ಆಫ್ ನಾನ್-ಅವೇಲ್‌ಮೆಂಟ್ ಸರ್ಟಿಫಿಕೇಟ್.” ಜೊತೆಗೆ ಹೋಗಿದ್ದ ನನಗೂ ತಿಳಿಯಲಿಲ್ಲ. ಅರ್ಥ ಕೇಳಿದರೆ ಗುಮಾಸ್ತ, “ಲಿಖಾ ಹೈ ನಾ, ಪಢ್ ಲೋ!” — ಬರೆದಿದೆಯಲ್ಲ, ಓದಿಕೋ — ಎಂದು ಗದರಿದ.

ಆ ಕಚೇರಿಯ ಗೇಟಿನ ಕಾವಲುಗಾರ ಬೀದರಿನವನು. ಚೀಟಿ ನೋಡಿದವನೇ ಹೇಳಿದ: “ಅಕ್ಕಾ, ಊರಾಗ ನಿನಗ ಕಾರ್ಡ್ ಇಲ್ಲಂತ ಬರೆಸ್ಕೊಂಡು ಬಾ. ಇಷ್ಟೇ ಐತಿ.”

“ಇಷ್ಟ ಹೇಳಾಕ ಮೂರು ಸಲ ತಿರುಗಿಸ್ಯಾರೇನ್ರಿ!” ಎಂದಳು ಸಾಬಮ್ಮ.

ಒಳಗೆ ಹೋಗಿ ಅಧಿಕಾರಿಯನ್ನು ಕೇಳಿದೆ: “ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯಬಾರದೇ? ನಿಮ್ಮ ಗೇಟಿನವನೇ ಬಿಡಿಸಿ ಹೇಳಿದ.” ಉತ್ತರ ಸಿಕ್ಕಿದ್ದು ನನಗಲ್ಲ, ಕಾವಲುಗಾರನಿಗೆ: ಇನ್ನು ಯಾರ ಚೀಟಿ ಮುಟ್ಟಿದರೂ ಕೆಲಸ ಹೋಗುತ್ತದೆ. ಆ ಆದೇಶವನ್ನು ಮಾತ್ರ ಎಲ್ಲರಿಗೂ ಅರ್ಥವಾಗುವ ತೆಲುಗಿನಲ್ಲಿ, ಒಂದೇ ಸಾಲಿನಲ್ಲಿ ಹೊರಡಿಸಿದರು.