ಹಲ್ಲು ಕಟ್ಟುವವನ ಹೆಂಡತಿಯ ಹಲ್ಲು

ಹಲ್ಲು ಕಟ್ಟುವ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಎಲ್ಲರೂ ಹಲ್ಲಣ್ಣ ಅಂತಲೇ ಕರೆಯುತ್ತಿದ್ದರು. ಸ್ವಂತ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲವೇನೋ. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುವರು. ಅದಕ್ಕೆ ಪ್ಲಾಸ್ಟರ್ ಹೊಯ್ದು ಅಚ್ಚು ಮಾಡಿ, ಮೇಣ ಕೂರಿಸಿ, ಹಲ್ಲು ಜೋಡಿಸಿ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಒಂದು ಮೇಜು, ಒಂದು ಬರ್ನರು, ನಾಲ್ಕಾರು ಚಾಕು, ಗೋಡೆಯ ಹಲಗೆಗಳ ತುಂಬ ಊರಿನವರ ಬಾಯಿಗಳು. "ಇದು ಯಾರ ಬಾಯಿ ಹಲ್ಲಣ್ಣ?" ಅಂತ ಯಾರು ಎಷ್ಟು ಕೆಣಕಿದರೂ ಹೇಳುತ್ತಿರಲಿಲ್ಲ. ಅಷ್ಟರಮಟ್ಟಿಗೆ ಮರ್ಯಾದಸ್ಥ.

ಆದರೆ ಒಂದು ಮಾತು ಹೇಳಲೇಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಆ ಮನುಷ್ಯ. ಅಲ್ಲಾಡಿದ ಹಲ್ಲು ಬಿದ್ದೇ ಬೀಳುವ ಹಲ್ಲು, ನೋವು ತಿನ್ನುತ್ತಾ ಕೂರುವ ಬದಲು ಬೇಗ ಕೀಳಿಸಿ ಕಟ್ಟಿಸಿಕೊಳ್ಳುವುದೇ ಸರಿ ಎಂದು ತೀರ್ಮಾನಿಸಿಬಿಟ್ಟಿದ್ದ. ಅಲ್ಲ, ಮೂವತ್ತು ವರ್ಷ ಅವನ ಬಾಗಿಲಿಗೆ ಬಂದವೆಲ್ಲ ಹಲ್ಲು ಹೋದ ಬಾಯಿಗಳೇ. ಉಳಿದ ಹಲ್ಲು ಅವನನ್ನು ಹುಡುಕಿಕೊಂಡು ಯಾಕೆ ಬಂದೀತು? ಜೊತೆಗೆ ಅವನ ತಾಯಿಯ ಕತೆ ಬೇರೆ. ನಲವತ್ತೈದು ತುಂಬುವಷ್ಟರಲ್ಲಿ ಆಕೆಯ ಹಲ್ಲು ಒಂದೊಂದೇ ಸಡಿಲವಾಗಿ, ಕೀವಾಗಿ, ಬಿದ್ದುಹೋಗಿದ್ದವು. ಯಾರೂ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು, ಪಾಪ. ಅವನು ಕಸುಬು ಕಲಿತು ಮಾಡಿದ ಮೊದಲ ಸೆಟ್ಟು ಅವಳಿಗೇ. ಅದನ್ನು ಹಾಕಿಕೊಂಡ ದಿನ ಆಕೆ ಗೋಡೆಗೆ ಬೆನ್ನು ಮಾಡಿ ಕೂತು ಉಂಡಳು. ಅದನ್ನು ಕಣ್ಣಾರೆ ಕಂಡವನಿಗೆ ಸೆಟ್ಟಿಗಿಂತ ದೊಡ್ಡ ಮದ್ದು ಇನ್ನೊಂದಿದೆ ಅಂತ ಯಾರು ಹೇಳಿದರೆ ತಾನೇ ಕಿವಿಗೆ ಹೋದೀತು?

ಹೀಗಿರುವಾಗ ಹೆಂಡತಿಯ ಹಲ್ಲೇ ಅಲ್ಲಾಡತೊಡಗಿತು.

ಆಕೆ ಚಿಕ್ಕ ಮಕ್ಕಳ ಶಾಲೆಯ ಟೀಚರು. ಎರಡು ವರ್ಷದಿಂದ ಹಲ್ಲುಜ್ಜಿದಾಗ ರಕ್ತ ಬರುತ್ತಿತ್ತು, ನೋವಿಲ್ಲವಲ್ಲ ಅಂತ ಸುಮ್ಮನಿದ್ದಳು. ಆಮೇಲೆ ಮೇಲಿನ ಮುಂಭಾಗದ ಹಲ್ಲುಗಳು ಸಡಿಲಾದವು. ಅವಳ ಬಲಗಡೆಯ ಕೋರೆಹಲ್ಲೊಂದು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿದ ಹಾಗೆ ಹತ್ತಿ ನಿಂತಿತ್ತು. ಅವಳು ನಕ್ಕರೆ ಮೊದಲು ಕಾಣುತ್ತಿದ್ದುದೇ ಅದು. ಈಗ ನಗು ಬಂದರೆ ಅಂಗೈ ಬಾಯಿಗೆ ಹೋಗುತ್ತಿತ್ತು. ಒಂದು ಸಂಜೆ ಶಾಲೆಯಿಂದ ಬಂದು ಗಂಡನಿಗೆ ಹೇಳಿದಳು:

"ಇವತ್ತು ಒಂದು ಮಗು ಏನು ಕೇಳ್ತು ಗೊತ್ತಾ? 'ಮಿಸ್, ನಿಮ್ಮ ಹಲ್ಲೂ ಅಲ್ಲಾಡ್ತಿದೆಯಾ? ನಂದೂ ಅಲ್ಲಾಡ್ತಿದೆ. ಹೆದರಬೇಡಿ, ಹೊಸದು ಬರುತ್ತೆ' ಅಂತು."

ಹೇಳಿ ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು. "ನನಗೆ ಇನ್ನೆಲ್ಲಿ ಹೊಸದು ಬರ್ಬೇಕು ರೀ" ಎಂದಳು. "ಬಾಯಿ ತೆಗಿ, ಒಂದು ಅಳತೆ ತಗೊಂಡಿಟ್ಟಿರ್ತೀನಿ" ಎಂದ. ಡಾಕ್ಟರಿಗೆ ತೋರಿಸಲಿಕ್ಕೆ ಇರಬೇಕು ಅಂದುಕೊಂಡು ಅವಳು ಬಾಯಿ ತೆಗೆದಳು. ಮೆತ್ತನೆಯ ಪೇಸ್ಟು ತುಂಬಿದ ಟ್ರೇ ಹಲ್ಲಿಗೆ ಒತ್ತಿ, ಅದು ಗಟ್ಟಿಯಾದ ಮೇಲೆ, ಹಲ್ಲೆಲ್ಲಿ ಟ್ರೇಯ ಜೊತೆಗೇ ಬಂದುಬಿಡುತ್ತದೋ ಅಂತ ಉಸಿರು ಬಿಗಿಹಿಡಿದು ಬಿಡಿಸಿಕೊಂಡ. ಹಲ್ಲುಗಳು ಅಲ್ಲಾಡಿದ್ದು ಅವನ ಬೆರಳಿಗೆ ಗೊತ್ತಾಯಿತು.

ಆಮೇಲೆ ಅವನು ಮಾಡಿದ್ದು ಹಲ್ಲು ಕಟ್ಟುವವನು ಮಾತ್ರ ಮಾಡಬಲ್ಲ ತಪ್ಪು. ಹಲ್ಲು ಕಿತ್ತ ದಿನವೇ ಸೆಟ್ಟು ಹಾಕಬೇಕಾದರೆ, ಮುಂಚಿತವಾಗಿ ಅಚ್ಚಿನ ಮೇಲಿನ ಪ್ಲಾಸ್ಟರ್ ಹಲ್ಲುಗಳನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಹೊಸವನ್ನು ಜೋಡಿಸಿಟ್ಟಿರಬೇಕು. ಹೆಂಡತಿ ಒಂದೇ ಒಂದು ದಿನವೂ ಬರಿ ಬಾಯಲ್ಲಿ ಇರಬಾರದು ಅಂತ ಅವನಾಸೆ. ಯಾರನ್ನೂ ಕೇಳಲಿಲ್ಲ, ಅವಳನ್ನಂತೂ ಕೇಳಲೇ ಇಲ್ಲ. ಸಿದ್ಧ ಹಲ್ಲು ಅಂಟಿಸಿ ಬರುವ ಕಾರ್ಡುಗಳಲ್ಲಿ ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿಟ್ಟುಕೊಂಡು, ಸಣ್ಣ ಗರಗಸ ಹಿಡಿದು ಕೂತ. ನಾಲ್ಕು ಹಲ್ಲು ಕತ್ತರಿಸಿ ಆಗಿತ್ತು. ಆಗ ಅವಳು ಟೀ ಲೋಟ ಹಿಡಿದು ಒಳಗೆ ಬಂದಳು.

"ಇದು ಯಾರ ಬಾಯಿ?" ಎಂದಳು ಸುಮ್ಮನೆ, ಮಾತಿಗೆ.

ಅವನು ಗರಗಸ ಕೆಳಗಿಟ್ಟ. ಮೇಜಿನ ಮೇಲೆ, ಬಿಳಿ ಪುಡಿಯ ನಡುವೆ ಆ ಕೋರೆಹಲ್ಲು ಬಿದ್ದಿತ್ತು. ಅದನ್ನು ಅವಳು ಗುರುತು ಹಿಡಿಯದೆ ಇನ್ಯಾರು ಹಿಡಿಯಬೇಕು?

"ಕೀಳಿಸ್ಕೋತೀನಿ ಅಂತ ನಾನು ಹೇಳಿದ್ನಾ?" ಎಂದಳು. ದನಿ ಏರಿರಲಿಲ್ಲ. "ನನಗಿಂತ ಮೊದಲು ನೀವೇ ಕಿತ್ತುಬಿಟ್ರಲ್ಲ ರೀ."

"ಹಾಗಲ್ಲ ಕಣೆ. ನಿನಗೆ ಒಂದು ದಿನಾನೂ ಅವಮಾನ ಆಗಬಾರದು ಅಂತ..."

ಅವಳು ಕಾರ್ಡು ಎತ್ತಿ ನೋಡಿದಳು. ಸಾಲಿಗೆ ನಿಲ್ಲಿಸಿದ ಹಾಗೆ ನೆಟ್ಟಗಿನ ಆರು ಹಲ್ಲು. "ಚೆನ್ನಾಗಿವೆ. ಆದರೆ ಇವು ಇನ್ಯಾರದೋ" ಎಂದು ಕಾರ್ಡನ್ನು ಅಲ್ಲೇ ಇಟ್ಟು ಹೊರಟಳು. ಅಂದಿನಿಂದ ಆ ಕೋಣೆಯ ಹೊಸಿಲು ತುಳಿಯಲಿಲ್ಲ. ಕಷ್ಟಪಟ್ಟು ಮಾಡಿದ್ದು ಹೀಗಾಯಿತಲ್ಲ ಅಂತ ಅವನಿಗೂ ಎರಡು ದಿನ ಕೋಪವಿತ್ತು. ಮೂರನೆಯ ದಿನ ನಾಚಿಕೆಯಾಯಿತು.

ಅವಳು ಯಾರಿಗೂ ಕಾಯದೆ ಒಸಡಿನ ಡಾಕ್ಟರನ್ನು ನೋಡಿ ಬಂದಿದ್ದಳು. "ಇನ್ನೊಂದು ಸಲ ಹೋಗ್ಬೇಕು. ಬರೋದಾದ್ರೆ ಬನ್ನಿ. ಬಾಯಿ ಮುಚ್ಕೊಂಡು ಬನ್ನಿ" ಎಂದಳು.

ಬಾಯಿ ಮುಚ್ಚಿಕೊಂಡೇ ಹೋದ. ಡಾಕ್ಟರು ಮಗಳ ವಯಸ್ಸಿನ ಹೆಂಗಸು. ಗೆರೆ ಹಾಕಿದ ತೆಳು ಕಡ್ಡಿಯೊಂದನ್ನು ಒಸಡಿನ ಸಂದಿಗೆ ಇಳಿಸಿ, ಎಷ್ಟೆಷ್ಟು ಆಳ ಇಳಿಯಿತು ಅಂತ ಹಲ್ಲು ಹಲ್ಲಿಗೂ ಬರೆಸಿದಳು. ಆಮೇಲೆ ಎಕ್ಸ್‌ರೇ ತೋರಿಸಿದಳು.

"ಹಲ್ಲಿಗೇನೂ ಆಗಿಲ್ಲ ಸರ್. ಅದನ್ನ ಹಿಡ್ಕೊಂಡಿರೋ ಮೂಳೆ, ನಾರು ಕರಗಿದೆ. ಗಿಡ ಚೆನ್ನಾಗಿದೆ, ಬುಡದ ಮಣ್ಣು ಹೋಗಿದೆ, ಅಷ್ಟೆ."

ಹಲ್ಲಣ್ಣನಿಗೆ ತಡೆಯಲಾಗಲಿಲ್ಲ. "ಹೋದ ಮೂಳೆ ವಾಪಸ್ ಬರುತ್ತಾ ಡಾಕ್ಟ್ರೇ?"

"ಎಲ್ಲಾ ಕಡೆ ಬರಲ್ಲ. ಮೊದಲು ಒಸಡಿನ ಒಳಗೆ ಹಲ್ಲಿಗೆ ಕಟ್ಟಿರೋ ಗಾರೆ ಎಲ್ಲ ತೆಗೀತೀನಿ. ಆಮೇಲೂ ಆಳ ಉಳಿದ್ರೆ, ಒಸಡು ಬಿಡಿಸಿ, ಗುಂಡಿ ಬಿದ್ದ ಕಡೆ ಮೂಳೆಪುಡಿ ತುಂಬಿ, ಮೇಲೆ ತೆಳು ಪೊರೆ ಹೊದಿಸಿ ಹೊಲಿಗೆ ಹಾಕ್ತೀನಿ. ಒಸಡು ಬೇಗ ಬೆಳೆಯುತ್ತೆ, ಮೂಳೆ ನಿಧಾನ. ಒಸಡು ನುಗ್ಗಿ ಮೂಳೆ ಜಾಗ ಹಿಡೀಬಾರ್ದು ಅಂತ ಆ ಪೊರೆ."

"ಗ್ಯಾರಂಟಿನಾ?"

"ಇಲ್ಲ. ಹಿಂದಿನ ಒಂದು ದವಡೆ ಹಲ್ಲು ತೆಗೀಲೇಬೇಕು. ಮುಂದಿನವಕ್ಕೆ ಪ್ರಯತ್ನ ಮಾಡೋಣ." ಡಾಕ್ಟರು ನಕ್ಕು ಕೇಳಿದಳು, "ನಿಮ್ಮ ಪ್ಲಾಸ್ಟರ್ ಗಟ್ಟಿಯಾಗೋಕೆ ಎಷ್ಟು ಹೊತ್ತು ಬೇಕು?"

"ಮುಕ್ಕಾಲು ಗಂಟೆ."

"ಇದಕ್ಕೆ ಒಂಬತ್ತು ತಿಂಗಳು. ಕಾಯ್ತೀರಾ?"

"ನಾನು ಕಾಯ್ತೀನಿ. ಇವರ ವಿಷಯ ಗೊತ್ತಿಲ್ಲ" ಎಂದಳು ಕುರ್ಚಿಯಲ್ಲಿದ್ದ ಹೆಂಡತಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

ಕಾದ. ಅವನ ಕಾಯುವಿಕೆ ಎಂಥದೆಂದರೆ ಅವಳಿಗೆ ಸಾಕುಸಾಕಾಗಿ ಹೋಯಿತು. ದವಡೆ ಹಲ್ಲು ತೆಗೆದು ಆಪರೇಶನ್ ಆದ ಮೇಲೆ ಬಾಯಿ ಮುಕ್ಕಳಿಸುವ ಔಷಧಿಗೆ ಗಡಿಯಾರ ಹಿಡಿದು ಎದುರಿಗೆ ನಿಂತ. ಹಣ್ಣನ್ನು ಮೇಣ ಕೆತ್ತುವ ಚಾಕುವಿನಲ್ಲಿ ಅಕ್ಕಿ ಕಾಳಿನಷ್ಟು ಚಿಕ್ಕದಾಗಿ ಹೆಚ್ಚಿಟ್ಟ. "ನಾನೇನು ಗುಬ್ಬಿಮರಿನಾ?" ಎಂದು ಅವಳು ಬೈದರೂ ಬಿಡಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ, ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ಷನ್ನು ದಿನವೂ ಹೇಗೆ ಆಡಿಸಬೇಕೆಂದು ಪ್ಲಾಸ್ಟರ್ ಬಾಯಿಯೊಂದನ್ನು ತಂದು ತೋರಿಸಹೋದ. ಆ ಅಚ್ಚನ್ನು ಕಂಡು ಅವಳ ಮುಖ ಬಿಗಿಯಾಯಿತು, ತಕ್ಷಣ ಒಳಗಿಟ್ಟು ಬಂದ. ಅಷ್ಟು ಮಾಡಿದರೂ ಅವನ ಮನಸ್ಸಿನ ಮೂಲೆಯಲ್ಲಿ ಅಳುಕು ಇದ್ದೇ ಇತ್ತು. ಹಲ್ಲು ಬಿದ್ದರೆ ಕಟ್ಟಿಕೊಡಲು ಇರಲಿ ಅಂತ ಆ ಕಾರ್ಡನ್ನು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ. ಕಳ್ಳ.

ಒಂಬತ್ತನೆಯ ತಿಂಗಳು ಎಕ್ಸ್‌ರೇ ತೆಗೆದರು. ಮೂಳೆ ಇಲ್ಲದೆ ಹಿಂದೆ ಕಪ್ಪಾಗಿದ್ದ ಕಡೆ ಬೂದು ಬಣ್ಣ ಕಟ್ಟಿತ್ತು. ಡಾಕ್ಟರು ಕಡ್ಡಿ ಇಳಿಸಿ ನೋಡಿ, ಮೊದಲಿನ ಅರ್ಧ ಆಳವೂ ಇಲ್ಲ ಎಂದಳು. ಒಸಡು ಚೂರು ಮೇಲಕ್ಕೆ ಸರಿದು ಹಲ್ಲುಗಳು ಉದ್ದ ಕಾಣುತ್ತಿದ್ದವು, ಅದನ್ನು ಏನೂ ಮಾಡುವಂತಿರಲಿಲ್ಲ. "ದಾಖಲೆಗೆ ಒಂದು ಅಚ್ಚು ಬೇಕು. ನಿಮ್ಮೆಜಮಾನ್ರೇ ಮಾಡ್ಲಿ" ಎಂದಳು.

ಮನೆಗೆ ಬಂದವಳು ಆ ಕೋಣೆಯ ಹೊಸಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಬಾಯಿ ತೆಗೆದಳು.

ಟ್ರೇ ಒತ್ತಿದ. ಪೇಸ್ಟು ಗಟ್ಟಿಯಾಯಿತು. ಇನ್ನು ಎಳೆಯಬೇಕು. ಅವನ ಕೈಗೆ ಕಳೆದ ಸಲದ ನೆನಪಿತ್ತು. ಟ್ರೇಯ ಹಿಡಿ ಹಿಡಿದುಕೊಂಡ, ಬಿಟ್ಟ, ಮತ್ತೆ ಹಿಡಿದ. ಎಳಿ ಅಂತ ಅವಳು ಕಣ್ಣಲ್ಲೇ ಹೇಳಿದಳು. "ಆಗಲ್ಲ ಕಣೆ, ನನ್ನ ಕೈಲಿ ಆಗಲ್ಲ" ಎಂದ. ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟು, ಒಂದೇ ಸಲಕ್ಕೆ ಕೆಳಗೆ ಜಗ್ಗಿದಳು.

ಟ್ರೇ ಲೊಚಕ್ಕೆಂದು ಬಂತು. ಬರಿ ಟ್ರೇ. ಅವಳು ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ತಡವಿ, "ಎಲ್ಲ ಇಲ್ಲೇ ಇವೆ" ಎಂದಳು. ಅವನು ಅತ್ತುಬಿಟ್ಟ. ಡ್ರಾಯರಿನಿಂದ ಆ ಕಾರ್ಡು ತೆಗೆದು ಅವಳ ಮುಂದಿಟ್ಟು, "ಇದನ್ನ ಇಟ್ಕೊಂಡಿದ್ದೆ" ಎಂದು ಒಪ್ಪಿಕೊಂಡ. "ಗೊತ್ತು, ಮೂರನೇ ತಿಂಗಳೇ ನೋಡಿದ್ದೆ" ಎಂದಳು ಅವಳು.

ಪ್ಲಾಸ್ಟರ್ ಹೊಯ್ದು ಮುಕ್ಕಾಲು ಗಂಟೆ ಇಬ್ಬರೂ ಅಲ್ಲೇ ಕೂತಿದ್ದರು. ಅಚ್ಚು ಬಿಡಿಸಿದಾಗ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಮೊದಲಿನ ಹಾಗೇ ಹತ್ತಿ ನಿಂತಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, ಗಂಡನ ಕಡೆ ಕಣ್ಣು ಕಿರಿದು ಮಾಡಿದಳು.

"ಇದು ಯಾರ ಬಾಯಿ?"

ಯಾರ ಬಾಯಿಯ ಗುಟ್ಟನ್ನೂ ಯಾವತ್ತೂ ಬಿಟ್ಟುಕೊಡದ ಹಲ್ಲಣ್ಣ ಕಣ್ಣೊರೆಸಿಕೊಂಡು ಹೇಳಿದ:

"ನನ್ನ ಹೆಂಡತಿದು."

ಅವಳು ನಕ್ಕಳು. ಕೈ ಬಾಯಿಗೆ ಹೋಗಲಿಲ್ಲ, ಅದರಲ್ಲಿ ಅಚ್ಚಿತ್ತು.