ರಸಮಟ್ಟನ ಇಟಲಿ

ಅಪ್ಪ ಅಮ್ಮ ಇಟ್ಟ ಹೆಸರು ಅವನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಷ್ಟೇ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ರಸಮಟ್ಟ. ನೆಲ ಸಮವಾಗಿದೆಯೋ ಇಲ್ಲವೋ ಎಂದು ನೋಡಲು ಗಾರೆಯವರು ಬಳಸುವ, ಒಳಗೆ ಗಾಳಿಗುಳ್ಳೆ ಓಡಾಡುವ ಉಪಕರಣದ ಹೆಸರು ಅದು. ಅವನ ಚೀಲದಲ್ಲೂ ಒಂದಿತ್ತು, ಆದರೆ ಹೊರಗೆ ತೆಗೆಯುತ್ತಿದ್ದುದು ಅಪರೂಪ. ಚಪ್ಪಲಿ ಬಿಟ್ಟು ಕೋಣೆಯೊಳಗೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, "ಆ ಕಿಟಕಿ ಮೂಲೆ ಒಂದು ನೂಲಿನಷ್ಟು ಇಳಿದಿದೆ" ಎನ್ನುತ್ತಿದ್ದ. ಅಳೆದು ನೋಡಿದರೆ ಇಳಿದೇ ಇರುತ್ತಿತ್ತು.

ಮೂವತ್ತೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಅಮೃತಶಿಲೆಯ ನೆಲ ಹಾಸುವುದು. ಬ್ಯಾಂಕು, ಆಸ್ಪತ್ರೆ, ದೊಡ್ಡವರ ಮನೆಯ ಹಾಲ್. ಮೊಣಕಾಲೂರಿ ಕೂತು, ಮರದ ಸುತ್ತಿಗೆಯಿಂದ ಕಲ್ಲನ್ನು ತಟ್ಟಿ, ಕಿವಿ ಇಟ್ಟು ಕೇಳಿ, ಟೊಳ್ಳು ಸದ್ದು ಬಂದರೆ ಎತ್ತಿ ಮತ್ತೆ ಕೂರಿಸಿ. ಐವತ್ತೊಂಬತ್ತಕ್ಕೆ ಮೊಣಕಾಲು ಕೈಕೊಟ್ಟಿತು. "ನಿಲ್ಲಿ, ನಡೀರಿ, ಕೂತ್ಕೊಳ್ಳಿ. ಮೊಣಕಾಲು ಮಾತ್ರ ಊರಬೇಡಿ" ಎಂದರು ಡಾಕ್ಟರು. ಊರದೆ ಮಾಡುವ ಕೆಲಸ ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕೂತ.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಹೊಸದು ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದೇ ಹೆಚ್ಚು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು. ಊರೂರು ಸುತ್ತುವವರು ಹೊರಡುವ ಮುಂಚೆ ಬಟ್ಟೆ ತಂದು, "ನಾಡಿದ್ದು ಫ್ಲೈಟ್ ಇದೆ, ಬೇಗ ಕೊಡಿ" ಎಂದು ಅವಸರಪಡಿಸುತ್ತಿದ್ದರು. ಹೀಗೆ ಇಪ್ಪತ್ತಾರು ವರ್ಷ ಅವಳ ಕೈಯಿಂದ ದಾಟಿದ ಪ್ಯಾಂಟುಗಳು ಲೋಕವನ್ನೆಲ್ಲ ಸುತ್ತಿ ಬಂದಿದ್ದವು.

ಒಂದು ಭಾನುವಾರ ಬೆಳಿಗ್ಗೆ ಅವಳು ದಾರ ಪೋಣಿಸುತ್ತ ಹೇಳಿದಳು, "ನಾವೂ ಎಲ್ಲಿಗಾದ್ರೂ ಹೋಗೋಣ ರೀ."

"ಯಾರ ಮದುವೆ?"

"ಯಾರ್ದೂ ಇಲ್ಲ. ಸುಮ್ನೆ."

ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮದುವೆ, ಸಾವು, ಇಲ್ಲವೇ ಕೆಲಸ. ಈ ಮೂರನ್ನು ಬಿಟ್ಟು ಬೇರೆ ಕಾರಣಕ್ಕೆ ಅವರಿಬ್ಬರೂ ಬಸ್ಸು ಹತ್ತಿದವರಲ್ಲ. ಎರಡು ದಿನ ಯೋಚಿಸಿ, ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದ, "ಹೋಗೋದಾದ್ರೆ ಇಟಲಿಗೆ ಹೋಗೋಣ. ಕರಾರಾ ಅಂತ ಒಂದು ಊರಿದೆ."

ಅವಳು ಬೇಡವೆನ್ನಲಿಲ್ಲ. "ವೆನಿಸ್ ಕೂಡ ಅಲ್ಲೇ ಅಲ್ವಾ?" ಎಂದಷ್ಟೇ ಕೇಳಿದಳು.

ಇಬ್ಬರೂ ಪ್ರವಾಸದ ಆಫೀಸಿಗೆ ಹೋದರು. ಅಲ್ಲಿದ್ದ ಹುಡುಗಿ ಬಣ್ಣದ ಪುಸ್ತಕ ಬಿಡಿಸಿ ಹತ್ತು ದಿನಕ್ಕೆ ಒಂಬತ್ತು ಊರು ತೋರಿಸಿದಳು. ದಿನಾ ಬೆಳಿಗ್ಗೆ ಐದಕ್ಕೆ ಏಳಬೇಕು, ಆರಕ್ಕೆ ಬಸ್ಸು.

"ಇದರಲ್ಲಿ ಕರಾರಾ ಎಲ್ಲಿದೆ?" ಎಂದ ರಸಮಟ್ಟ.

"ಅಲ್ಲಿ ಏನಿದೆ ಸರ್?"

"ಬೆಟ್ಟ ಇದೆ."

"ಬೆಟ್ಟ ನೋಡೋಕೆ ಇಟಲಿಗೆ ಹೋಗ್ತೀರಾ?"

"ನಿಮ್ಮ ಕಾಲ ಕೆಳಗಿರೋದು ಆ ಬೆಟ್ಟದ್ದೇ ಕಣಮ್ಮ."

ಹುಡುಗಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಬಿಳಿ ನೆಲ, ಬೂದು ಗೆರೆ. ಆರು ವರ್ಷದಿಂದ ಅದರ ಮೇಲೆ ಕಾಲಿಟ್ಟು ಕೂತಿದ್ದವಳು ಅದನ್ನು ಮೊದಲ ಸಲ ನೋಡಿದಂತಿತ್ತು. ಆದರೂ ಪುಸ್ತಕದಲ್ಲಿ ಇಲ್ಲದ ಊರಿಗೆ ಬಸ್ಸು ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. ಮೆಟ್ಟಿಲಿಳಿಯುವಾಗ ಹೆಂಡತಿ ಹೇಳಿದಳು, "ಐದಕ್ಕೆ ಏಳೋದಾದ್ರೆ ಮನೇಲೇ ಏಳ್ತೀನಿ. ನಾವೇ ಮಾಡ್ಕೊಳೋಣ ಬಿಡಿ."

ಹಾಗೆ ಬಟ್ಟೆ ಕತ್ತರಿಸುವ ಮೇಜು ಇಟಲಿಯಾಯಿತು. ಅವನು ಚೌಕಳಿ ಹಾಳೆ ಹಾಸಿ, ಅರ್ಧ ದಿನಕ್ಕೆ ಒಂದು ಚೌಕದಂತೆ ಗೆರೆ ಎಳೆದ. ನೆಲ ಹಾಸುವವರು ಗಾರೆ ಹಾಕುವ ಮುಂಚೆ ಎಲ್ಲ ಕಲ್ಲನ್ನೂ ಒಣಗಾಗಿ ಜೋಡಿಸಿ ನೋಡುತ್ತಾರೆ. ಯಾವ ಗೆರೆ ಯಾವುದಕ್ಕೆ ಕೂಡುತ್ತದೆ ಎಂದು ಖಾತ್ರಿಯಾದ ಮೇಲೆ ನಂಬರ್ ಬರೆದು ಎತ್ತಿಡುತ್ತಾರೆ. ಅವನ ಯೋಜನೆಯೂ ಹಾಗೆಯೇ. ಪೆನ್ನಿಗೆ ಜಾಗವಿಲ್ಲ, ಪೆನ್ಸಿಲ್ಲೇ. ವೆನಿಸ್ ಎರಡು ದಿನ, ಫ್ಲಾರೆನ್ಸ್ ಎರಡು ದಿನ, ರೋಮ್ ಮೂರು ದಿನ, ಕರಾರಾ, ಆಮೇಲೆ ಇನ್ನೂ ಮೂರು ಸಣ್ಣ ಊರು. ಅಳಿಸಿ, ಮತ್ತೆ ಬರೆದು, ಹಾಳೆ ತೆಳ್ಳಗಾಯಿತು.

ಹೆಂಡತಿ ಯಂತ್ರ ತುಳಿಯುತ್ತ ಫೋನಿನಲ್ಲಿ ಇಟಲಿಯ ಮಾತು ಕಲಿಯತೊಡಗಿದಳು. ಒಂದು ದಿನ ಒಳಗಿನಿಂದ "ಪಿಯಾನೊ, ಪಿಯಾನೊ" ಎಂದು ಕೇಳಿಸಿತು.

"ಪಿಯಾನೋ ಬಾರಿಸೋಕೆ ಹೊರಟಿದ್ದೀವಾ ನಾವು?"

"ನಿಧಾನ, ನಿಧಾನ ಅಂತ ರೀ. ಅವರು ಗಡಗಡ ಮಾತಾಡಿದ್ರೆ ಹೇಳ್ಬೇಕಲ್ಲ."

ವಿಷಯ ತಿರುಗಿದ್ದು ಅವನ ಅತ್ತಿಗೆ ಬಂದ ದಿನ. ಅತ್ತಿಗೆ ಎಂದರೆ ಅವನ ಸ್ವಂತ ಅಣ್ಣನ ಹೆಂಡತಿ. ಅಣ್ಣ ತಮ್ಮಂದಿರು ಹನ್ನೊಂದು ವರ್ಷದಿಂದ ಸರಿಯಾಗಿ ಮಾತಾಡಿರಲಿಲ್ಲ. ಆದರೆ ವಾರಗಿತ್ತಿಯರ ನಡುವೆ ಬಟ್ಟೆ ಚೀಲ ಓಡಾಡುತ್ತಲೇ ಇತ್ತು, ಅದಕ್ಕೆ ಯಾರೂ ಅಡ್ಡಿ ಮಾಡಿರಲಿಲ್ಲ.

ಹಿಂದೆ ಅಣ್ಣ ತಮ್ಮ ಇಬ್ಬರೂ ಜೊತೆಯಾಗಿಯೇ ಕೆಲಸ ಮಾಡಿದವರು. ಕೆಲಸ ಕಲಿಸಿದವನೇ ಅಣ್ಣ. ಹಡಗಿನಲ್ಲಿ ಬಂದ ಮರದ ಪೆಟ್ಟಿಗೆಗಳನ್ನು ಒಡೆದು, ಒಳಗಿನ ಹಲಗೆಕಲ್ಲಿನ ಬೆನ್ನಿಗೆ ನೀಲಿ ಬಣ್ಣದಲ್ಲಿ ಬರೆದ ಕರಾರಾ ಎಂಬ ಊರಿನ ಹೆಸರನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಅಷ್ಟು ಕಲ್ಲು ಬರುತ್ತಲೇ ಇತ್ತು. "ಒಂದಿನ ಇಬ್ಬರೂ ಹೋಗಿ ನೋಡ್ಬೇಕು ಕಣೋ, ಬೆಟ್ಟ ಇನ್ನೆಷ್ಟು ಉಳಿದಿದೆ ಅಂತ" ಎನ್ನುತ್ತಿದ್ದ ಅಣ್ಣ. ಆಮೇಲೆ ಒಂದು ಮನೆಯ ಹಾಲ್‌ನಲ್ಲಿ ಅಣ್ಣ ಹಾಸಿದ ಕಡೆ ಕಲ್ಲಿನ ಗೆರೆಗಳು ಒಂದಕ್ಕೊಂದು ಕೂಡದೆ ನಡುವೆಯೇ ನಿಂತುಬಿಟ್ಟವು. ರಸಮಟ್ಟ ಮನೆಯ ಯಜಮಾನರ ಎದುರಿಗೇ "ಇದನ್ನ ಕೀಳ್ಬೇಕು" ಎಂದ. ಅಣ್ಣ ಸುತ್ತಿಗೆ ಕೆಳಗಿಟ್ಟ. "ಹಾಗಾದ್ರೆ ನೀನೇ ಕೀಳು" ಎಂದು ಕೈ ತೊಳೆದುಕೊಂಡು ಹೊರಟುಹೋದ. ಮರುವರ್ಷ ಟೈಲ್ಸ್ ಅಂಗಡಿ ತೆರೆದ. ಅಮೃತಶಿಲೆಯಂತೆ ಕಾಣುವ ಟೈಲ್ಸ್. "ಕಲ್ಲಿನ ಫೋಟೋ ಮಾರ್ತಾನೆ" ಎಂದು ರಸಮಟ್ಟ ಯಾರ ಬಳಿಯೋ ಅಂದದ್ದು ಅಣ್ಣನ ಕಿವಿಗೂ ಬಿತ್ತು. ಅಲ್ಲಿಗೆ ಮುಗಿಯಿತು.

ಅತ್ತಿಗೆ ಮೇಜಿನ ಮೇಲಿನ ಹಾಳೆ ನೋಡಿದಳು. "ಕರಾರಾ. ನಮ್ಮನೆಯವರೂ ಇಲ್ಲಿಗೆ ಹೋಗಿದ್ರಲ್ಲ."

ಯಂತ್ರ ನಿಂತಿತು. "ಯಾವಾಗ ಅಕ್ಕ?"

"ಎರಡು ವರ್ಷ ಆಯ್ತು. ಟೈಲ್ಸ್ ಮೇಳಕ್ಕೆ ಅಂತ ಆ ಕಡೆ ಹೋಗಿದ್ರು, ಒಂದಿನ ಬಿಡುವು ಮಾಡ್ಕೊಂಡು ನೋಡ್ಕೊಂಡು ಬಂದ್ರು. ನಿಮಗೆ ಗೊತ್ತಿರ್ಲಿಲ್ವಾ?"

ಒಳಗಿನ ಕುರ್ಚಿಯಲ್ಲಿ ಕೂತಿದ್ದ ರಸಮಟ್ಟನಿಗೆ ಎಲ್ಲ ಕೇಳಿಸಿತು. ಅತ್ತಿಗೆ ಹೋದ ಮೇಲೆ ಬಂದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನ ಮೇಲಿಟ್ಟ. ಒಂದು ವಾರ ಕಳೆಯಿತು. ಅವಳು ಮೇಜಿನ ಮೇಲೆ ಮತ್ತೆ ಬಟ್ಟೆ ಕತ್ತರಿಸಿದಳು, ಅವನು ಕಿಟಕಿಯ ಆಚೆ ನೋಡಿದ. ಎಂಟನೆಯ ದಿನ ಅವಳು ಕತ್ತರಿ ಕೆಳಗಿಟ್ಟು ಕೇಳಿದಳು, "ಕೋಪ ಅಣ್ಣನ ಮೇಲಾ, ಬೆಟ್ಟದ ಮೇಲಾ?"

"ಬೆಟ್ಟ ಏನು ಮಾಡ್ತು ಪಾಪ."

"ಮತ್ತೆ ಅದನ್ನ ಯಾಕೆ ಕಪಾಟಿನ ಮೇಲೆ ಹಾಕಿದ್ದೀರಿ?"

ಅವನು ಮಧ್ಯಾಹ್ನ ಶರ್ಟು ಬದಲಾಯಿಸಿ ಅಣ್ಣನ ಅಂಗಡಿಗೆ ನಡೆದ.

ಅಣ್ಣ ಗಿರಾಕಿಯೊಬ್ಬರಿಗೆ ಬಾತ್‌ರೂಮ್ ಟೈಲ್ಸ್ ತೋರಿಸುತ್ತಿದ್ದ. ತಮ್ಮನನ್ನು ನೋಡಿ ಒಂದು ಕ್ಷಣ ಮಾತು ತಪ್ಪಿತು, ಮತ್ತೆ ಮುಂದುವರಿಸಿದ. ರಸಮಟ್ಟ ಟೈಲ್ಸ್ ಪೆಟ್ಟಿಗೆಯೊಂದರ ಮೇಲೆ ಕೂತು ಕಾದ. ಗಿರಾಕಿ ಹೋದರು. ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ.

"ಕಾಲು ಹೇಗಿದೆ?"

"ಹಾಗೇ ಇದೆ. ನೀನು ಕರಾರಾಕ್ಕೆ ಹೋಗಿದ್ಯಂತೆ."

"ಹೂಂ."

"ಒಂದು ಮಾತು ಹೇಳ್ಬಹುದಿತ್ತು."

"ಏನಂತ ಹೇಳ್ಲಿ? ಟ್ಯಾಕ್ಸಿಯವನು ಮೇಲೆ ಬಿಟ್ಟ. ಹತ್ತು ನಿಮಿಷ ನಿಂತೆ, ವಾಪಸ್ ಬಂದೆ."

"ಅಷ್ಟು ದೂರ ಹೋಗಿ ಹತ್ತೇ ನಿಮಿಷವಾ?"

ಅಣ್ಣ ಕನ್ನಡಕ ಹಾಕಿಕೊಂಡ. "ಪಕ್ಕದಲ್ಲಿದ್ದವನಿಗೆ ಏನೋ ಹೇಳೋಕೆ ತಿರುಗಿದೆ ಕಣೋ. ಯಾರೋ ಗೊತ್ತಿಲ್ಲದವನು ಫೋಟೋ ತೆಗೀತಿದ್ದ. ಆಮೇಲೆ ನಿಲ್ಬೇಕು ಅನ್ನಿಸ್ಲಿಲ್ಲ."

"ಏನು ಹೇಳೋಕೆ ತಿರುಗಿದ್ದೆ?"

"ಬೆಟ್ಟ ಇನ್ನೂ ಬೇಕಾದಷ್ಟಿದೆ ಅಂತ."

ರಸಮಟ್ಟ ಕೂತಿದ್ದ ಪೆಟ್ಟಿಗೆಯ ರಟ್ಟನ್ನು ಉಗುರಿನಿಂದ ಕೆರೆಯುತ್ತ ಹೇಳಿದ, "ಆ ಹಾಲ್‌ನ ನೆಲ ಕೀಳೋಕೆ ನನಗೆ ನಾಲ್ಕು ದಿನ ಹಿಡೀತು. ಎಲ್ಲೂ ಟೊಳ್ಳಿರ್ಲಿಲ್ಲ. ಅಷ್ಟು ಗಟ್ಟಿ ಕೂರಿಸಿದ್ದೆ ನೀನು."

"ಗೆರೆ ತಪ್ಪಿತ್ತು."

"ಗೆರೆ ತಪ್ಪಿತ್ತು. ಆದ್ರೆ ಅದನ್ನ ಅವರ ಮುಂದೆ ಹೇಳ್ಬಾರದಿತ್ತು ನಾನು."

ಅಣ್ಣ ಒಳಗೆ ಹೋಗಿ ಎರಡು ಲೋಟ ಟೀ ಹಿಡಿದುಕೊಂಡು ಬಂದ.

ಮುಂದಿನ ಭಾನುವಾರ ಹಾಳೆ ಕಪಾಟಿನಿಂದ ಇಳಿಯಿತು, ಅಂದಿನಿಂದ ಅಣ್ಣ ಮೇಜಿನ ಪಕ್ಕ ಹಾಜರು. ಬಂದವನೇ ಹಾಳೆಯನ್ನು ನೋಡಿ, "ಇದೇನಿದು, ಹನ್ನೆರಡು ದಿನದಲ್ಲಿ ಏಳು ಊರು? ನೀವು ಹೋಗ್ತಿರೋದು ರಜಕ್ಕಾ, ಅಂಚೆ ಹಂಚೋಕಾ?" ಎಂದ. ರಸಮಟ್ಟನ ಕಾಲಿಗೆ ವೆನಿಸ್ ಆಗದು, ಹೆಜ್ಜೆಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು, ಅದನ್ನು ತೆಗೆದುಹಾಕಿ ಎಂದ.

"ವೆನಿಸ್ ಮುಟ್ಟೋಕೆ ಬಿಡಲ್ಲ ಭಾವ" ಎಂದಳು ರಸಮಟ್ಟನ ಹೆಂಡತಿ. ದನಿ ಏರಿಸಲಿಲ್ಲ, ಕೈಯಲ್ಲಿ ಕತ್ತರಿ ಇತ್ತು. "ಅಲ್ಲಿ ನೀರಿನ ಮೇಲೆ ಬಸ್ಸಿನ ಹಾಗೆ ದೋಣಿ ಓಡಾಡುತ್ತಂತೆ. ಅದರಲ್ಲೇ ಕೂತು ನೋಡ್ತೀವಿ."

"ಹಾಗಾದ್ರೆ ಬೇರೆ ಏನಾದ್ರೂ ಕತ್ತರಿಸ್ಬೇಕಮ್ಮ."

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ರೋಮಿನ ಮೂರು ದಿನವನ್ನೂ ಸಣ್ಣ ಊರುಗಳಲ್ಲಿ ಎರಡನ್ನೂ ಒಳಕ್ಕೆ ಮಡಚಿ ಗುಂಡುಸೂಜಿ ಚುಚ್ಚಿದಳು. "ಉದ್ದ ಜಾಸ್ತಿ ಆದ್ರೆ ನಾನು ಕತ್ತರಿಸಲ್ಲ, ಮಡಚಿ ಹೊಲೀತೀನಿ. ಬೇಕಾದಾಗ ಬಿಚ್ಕೋಬಹುದು." ಹಾಗೆ ಉಳಿದ ದಿನಗಳಲ್ಲಿ ನಾಲ್ಕನ್ನು ಹಳ್ಳಿಯೊಂದಕ್ಕೆ ಕೊಟ್ಟಳು. ದ್ರಾಕ್ಷಿ ತೋಟದ ನಡುವಿನ ಒಂದು ಹಳೆಯ ಮನೆ, ಬಾಡಿಗೆಗೆ ಸಿಗುತ್ತಿತ್ತು.

"ಅಲ್ಲಿ ಏನು ನೋಡೋದಿದೆ?" ಎಂದ ರಸಮಟ್ಟ.

"ಏನೂ ಇಲ್ಲ. ಅದಕ್ಕೇ."

ಲುಕ್ಕಾ ಎಂಬ ಊರನ್ನು ಅಣ್ಣ ಸೇರಿಸಿದ. ಕೋಟೆ ಗೋಡೆಯ ಮೇಲೆ ಊರಿನ ಸುತ್ತ ಅಗಲವಾದ ದಾರಿ, ಗೋಡೆ ಹತ್ತಿದ ಮೇಲೆ ಎಲ್ಲವೂ ಸಪಾಟು, ಮೊಣಕಾಲಿಗೆ ತೊಂದರೆಯಿಲ್ಲ. ಕರಾರಾದ ಸ್ಟೇಷನ್ನಿನಿಂದ ಊರಿಗೆ, ಊರಿನಿಂದ ಬೆಟ್ಟಕ್ಕೆ ಹೋಗುವ ದಾರಿಯನ್ನು ತಾನೇ ಬರೆದ. ಬರೆಯುತ್ತ ಬರೆಯುತ್ತ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಕಣ್ಣಿಗೆ ಕಪ್ಪು ಕನ್ನಡಕ ಇಲ್ಲದಿದ್ದರೆ ಬಿಳಿ ಹೇಗೆ ಚುಚ್ಚುತ್ತದೆ ಎಂದೆಲ್ಲ ಹೇಳಿದ. ಹತ್ತು ನಿಮಿಷದಲ್ಲಿ ಇಷ್ಟು ನೋಡಿದನೇ ಎಂದು ತಮ್ಮನಿಗೆ ಅನ್ನಿಸಿತು.

"ನೀವೂ ಬನ್ನಿ ಭಾವ" ಎಂದಳು ಅವಳು.

"ಅಂಗಡಿ ಯಾರು ನೋಡ್ಕೋತಾರಮ್ಮ. ಅಲ್ಲದೆ ನಾನು ನೋಡಿದ್ದೀನಲ್ಲ."

ಅಲ್ಲಿಯವರೆಗೆ ಗುಂಡಿ ಹೊಲಿಯುತ್ತ ಕೂತಿದ್ದ ಅತ್ತಿಗೆ ತಲೆ ಎತ್ತಿದಳು. "ನೀವು ನೋಡಿದ್ದೀರಿ. ನಾನು ನೋಡಿಲ್ಲ. ಹೋದ ಸಲ ನನಗೆ ಅಂತ ತಂದಿದ್ದು ಒಂದು ಟೈಲ್ಸ್ ಕ್ಯಾಟಲಾಗು."

ಮೊದಲು ನಕ್ಕಿದ್ದು ಅಣ್ಣನೇ. ಅಂಗಡಿಯ ಬಾಗಿಲಿಗೆ ಹನ್ನೆರಡು ದಿನದ ಬೀಗ ಎಂದು ಅಂದೇ ತೀರ್ಮಾನವಾಯಿತು. ರಸಮಟ್ಟ ಹಾಳೆಯ ಮೇಲೆ ಮೊದಲ ಸಲ ಪೆನ್ನು ಇಟ್ಟ.

ಶರತ್ಕಾಲದ ಒಂದು ಮುಂಜಾನೆ ನಾಲ್ವರೂ ಹೊರಟರು. ವೆನಿಸಿನಲ್ಲಿ ರಸಮಟ್ಟನ ಹೆಂಡತಿ ದೋಣಿಯ ಮುಂದಿನ ಸೀಟು ಬಿಟ್ಟು ಏಳಲಿಲ್ಲ. ಒಂದೇ ದೋಣಿಯಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಇಳಿಯದೆ, ಅದೇ ದೋಣಿಯಲ್ಲಿ ವಾಪಸ್ ಬಂದಳು. ಫ್ಲಾರೆನ್ಸಿನ ದೊಡ್ಡ ಚರ್ಚಿನೊಳಗೆ ಜನರೆಲ್ಲ ತಲೆ ಎತ್ತಿ ಮೇಲಿನ ಚಿತ್ರ ನೋಡುತ್ತಿದ್ದರೆ, ಅಣ್ಣ ತಮ್ಮಂದಿರು ತಲೆ ತಗ್ಗಿಸಿ ನೆಲ ನೋಡುತ್ತ ನಡೆದು ಒಬ್ಬ ಪಾದ್ರಿಗೆ ಡಿಕ್ಕಿ ಹೊಡೆದರು. ಕರಾರಾದ ಬೆಟ್ಟದ ಮುಂದೆ ಇಬ್ಬರೂ ಎರಡೂವರೆ ಗಂಟೆ ನಿಂತರು. ಗಣಿಯ ಗೋಡೆಯಲ್ಲಿ ಯಾವ ಭಾಗದಿಂದ ಯಾವ ನೆಲ ಬಂದಿರಬಹುದು ಎಂಬ ವಾದ ಎಷ್ಟು ಹೊತ್ತಾದರೂ ಬಗೆಹರಿಯಲಿಲ್ಲ. ಕಡೆಗೆ ಹೆಂಗಸರಿಬ್ಬರೂ ಹೊಟ್ಟೆ ಹಸಿದಿದೆ ಎಂದು ಎಳೆದುಕೊಂಡು ಹೋಗಬೇಕಾಯಿತು.

ಆಮೇಲೆ ಹಳ್ಳಿಯ ಮನೆ. ಅಲ್ಲಿ ಮೂರನೆಯ ದಿನ ವಾರಗಿತ್ತಿಯರಿಬ್ಬರೂ ಸಂಜೆ ವಾಕಿಂಗ್ ಎಂದು ಹೊರಟವರು ದಾರಿ ತಪ್ಪಿದರು. ಗಂಡಸರು ಗೇಟಿನ ಬಳಿ ಅತ್ತಿತ್ತ ಓಡಾಡುತ್ತಿರುವಾಗ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಿಂದಿನ ಗಾಡಿಯಲ್ಲಿ ಖಾಲಿ ದ್ರಾಕ್ಷಿ ಬುಟ್ಟಿಗಳ ನಡುವೆ ಇಬ್ಬರೂ ಕೂತಿದ್ದರು. ಇಳಿದು, ರಸಮಟ್ಟನ ಹೆಂಡತಿ ಟ್ರ್ಯಾಕ್ಟರಿನ ಮುದುಕನಿಗೆ ತಾನು ಕಲಿತ ಮಾತಿನಲ್ಲಿ ಧನ್ಯವಾದ ಹೇಳಿದಳು. ಅವನು ಕೈ ಆಡಿಸುತ್ತ ಉದ್ದಕ್ಕೆ ಏನೋ ಹೇಳಿದ. ಅವಳು ನಡುನಡುವೆ ತಲೆಯಾಡಿಸಿದಳು.

ಟ್ರ್ಯಾಕ್ಟರು ತಿರುಗಿ ಹೋದ ಮೇಲೆ ರಸಮಟ್ಟ ಕೇಳಿದ, "ಏನಂದ?"

"ಒಂದಕ್ಷರ ಅರ್ಥ ಆಗ್ಲಿಲ್ಲ ರೀ. ಆದ್ರೆ ಒಳ್ಳೇದೇ ಹೇಳಿದ" ಎಂದು ಅವಳು ಸೆರಗಿಗೆ ಅಂಟಿದ್ದ ಒಣ ಎಲೆಗಳನ್ನು ಕೊಡವುತ್ತ ಒಳಗೆ ಹೋದಳು.